‘ಲೈನ್’ ಪದದಲ್ಲಿ ಬಿಟ್ಟುಹೋದ ಅರ್ಥ

“ಮೇಡಂ, ನಿಮಗೆ ಲೈನ್ ಇಲ್ವಂತೆ?”

ಬಾಗಿಲಲ್ಲಿ ನಿಂತ ಗಂಡಸು ಕೇಳಿದ್ದು ಇಷ್ಟೇ. ಹೆಗಲಲ್ಲಿ ಕ್ಯಾನ್ವಾಸ್ ಚೀಲ, ಸೊಂಟದಲ್ಲಿ ತೂಗುತ್ತಿರುವ ಟೆಸ್ಟ್ ಫೋನು, ಕಿವಿಯ ಮೇಲೆ ಸಿಕ್ಕಿಸಿಕೊಂಡ ಮೋಟು ಪೆನ್ಸಿಲು. ಟೆಲಿಫೋನ್ ಎಕ್ಸ್‌ಚೇಂಜಿನ ಲೈನ್‌ಮನ್ ಎಂದು ಯಾರು ಬೇಕಾದರೂ ಹೇಳಬಹುದಿತ್ತು. ಆದರೂ ನಿಘಂಟಮ್ಮನ ಮುಖ ಕೆಂಪಾಯಿತು. ಏಕೆಂದರೆ ಆ ಗಳಿಗೆಯಲ್ಲಿ ಅವಳ ಮೇಜಿನ ಮೇಲಿದ್ದ ಕಾರ್ಡಿನಲ್ಲಿ, ಅವಳದೇ ದುಂಡನೆಯ ಅಕ್ಷರದಲ್ಲಿ, ಹೀಗಿತ್ತು: ‘ಲೈನ್: ಮೆಚ್ಚಿದ ಹುಡುಗ ಅಥವಾ ಹುಡುಗಿ. ಉದಾ: ಅವಳಿಗೆ ಆಗಲೇ ಒಂದು ಲೈನ್ ಇದೆ.’

ನಲವತ್ತೊಂದು ವರ್ಷದ ಹೆಂಗಸನ್ನು, ಮುಖಪರಿಚಯವೂ ಇಲ್ಲದವನು, ಬೆಳಿಗ್ಗೆ ಬೆಳಿಗ್ಗೆ ಕೇಳುವ ಮಾತೇ ಇದು?

“ಇಲ್ಲ,” ಎಂದಳು. ತಕ್ಷಣ ಗಾಬರಿಯಾಗಿ ಸೇರಿಸಿದಳು, “ಫೋನಿಗೆ ಇಲ್ಲ. ನಾಲ್ಕು ದಿನ ಆಯ್ತು.”

“ನಾನೂ ಫೋನಿಂದೇ ಕೇಳಿದ್ದು,” ಎಂದ ಅವನು. ತುಟಿ ನಗಲಿಲ್ಲ. ಕಣ್ಣು ಮಾತ್ರ ಒಂದು ಸಲ ಕಾರ್ಡಿನ ಕಡೆ ಹೋಗಿ, ಓದಬಾರದ್ದನ್ನು ಓದಿದ ತಪ್ಪಿಗೆ ಗಡಿಬಿಡಿಯಿಂದ ಗೋಡೆಯ ಕಡೆ ತಿರುಗಿತು.

ಅದು ನಿಘಂಟು ಕಚೇರಿ. ಮೂರನೇ ಮಹಡಿಯಲ್ಲಿ ಎರಡು ಕೋಣೆ, ಕೆಳಗೆ ಟೈಲರ್ ಅಂಗಡಿ. ನಮ್ಮ ಮಾತಿನಲ್ಲಿ ಬೆರೆತುಹೋದ ಇಂಗ್ಲಿಷ್ ಪದಗಳಿಗೆಲ್ಲ ಒಂದು ನಿಘಂಟು ಆಗಲೇಬೇಕೆಂದು ಸಂಪಾದಕ ಮೇಷ್ಟ್ರು ಹಟ ಹಿಡಿದು ಒಂಬತ್ತು ವರ್ಷವಾಗಿತ್ತು. ಶುರುವಿನಲ್ಲಿ ಆರು ಜನ ಇದ್ದರು. ಒಬ್ಬೊಬ್ಬರೇ ಜಾರಿಕೊಂಡು, ಈಗ ಉಳಿದವಳು ಇವಳೊಬ್ಬಳು. ಮೇಷ್ಟ್ರು ಮಂಗಳವಾರ, ಶುಕ್ರವಾರ ಬರುವರು, ಕಾರ್ಡುಗಳ ಮೇಲೆ ಕೆಂಪು ಶಾಯಿಯಲ್ಲಿ ಗೀಚುವರು, ಮಂಡಿನೋವೆಂದು ಗೊಣಗುತ್ತಾ ಇಳಿದು ಹೋಗುವರು. ಮಿಕ್ಕ ದಿನ ಅವಳುಂಟು, ಮರದ ಖಾನೆಗಳುಂಟು. ಮದುವೆ ಕಾಗದವೋ ಅಂಗಡಿಯ ಬೋರ್ಡೋ, ಕಾಗುಣಿತ ತಿದ್ದಿಸಿಕೊಳ್ಳಲು ಬೀದಿಯವರೆಲ್ಲ ಅವಳ ಹತ್ತಿರ ಬರುತ್ತಿದ್ದರು. ನಿಘಂಟಮ್ಮ ಎಂಬ ಹೆಸರಿಟ್ಟವರೂ ಅವರೇ. ತಿದ್ದಿಸಿಕೊಂಡ ಮೇಲೆ ಯಾರೂ ಕೂರುತ್ತಿರಲಿಲ್ಲ.

ಅವಳು ಒಂಟಿ. ಇದನ್ನು ಸುತ್ತಿ ಬಳಸಿ ಹೇಳಬೇಕಾಗಿಲ್ಲ. ಅಮ್ಮ ತೀರಿಕೊಂಡು ಮೂರು ವರ್ಷ. ಬೇರೆ ಊರಲ್ಲಿರುವ ಅಕ್ಕ ಭಾನುವಾರ ಮೊಬೈಲಿಗೆ ಫೋನ್ ಮಾಡಿ, ಊಟ ಆಯ್ತಾ, ಹುಷಾರಾಗಿದೀಯಾ, ಸರಿ ಇಡ್ಲಾ ಎಂದು ಮೂರು ಪ್ರಶ್ನೆ ಕೇಳಿ ಮುಗಿಸುವಳು. ಮನೆಯ ಬಾಗಿಲಲ್ಲಿ ಅವಳು ಒಂದು ಜೊತೆ ಗಂಡಸರ ಚಪ್ಪಲಿ ಇಟ್ಟಿದ್ದಳು. ಒಬ್ಬಳೇ ಇದ್ದಾಳೆಂದು ಹೊರಗಿನವರಿಗೆ ಗೊತ್ತಾಗದಿರಲಿ ಎಂದು ಅಂಗಡಿಯಿಂದ ತಂದದ್ದು. ಒಮ್ಮೊಮ್ಮೆ ಕಚೇರಿಯಲ್ಲಿ ಮಧ್ಯಾಹ್ನದವರೆಗೂ ಬಾಯಿ ಬಿಡುವ ಪ್ರಸಂಗವೇ ಬರುತ್ತಿರಲಿಲ್ಲ. ಆಮೇಲೆ ಯಾರಾದರೂ ಮಾತಾಡಿಸಿದರೆ ಗಂಟಲು ಕಟ್ಟಿದಂತಾಗಿ ಮೊದಲೆರಡು ಅಕ್ಷರ ಹೊರಗೇ ಬರುತ್ತಿರಲಿಲ್ಲ.

ಲೈನ್‌ಮನ್ ಗೋಡೆಯ ಡಬ್ಬಿ ಬಿಚ್ಚಿ, ಒಳಗಿನ ಎರಡು ತಂತಿಗಳನ್ನು ಬೆರಳಲ್ಲಿ ಸವರಿ ನೋಡಿದ.

“ಒಂದು ಫೋನಿಗೆ ಎರಡು ತಂತಿ ಮೇಡಂ. ನಾವು ಪೇರ್ ಅಂತೀವಿ. ಇಲ್ಲಿ ಒಂದು ಚೆನ್ನಾಗೇ ಇದೆ. ಇನ್ನೊಂದು ಹೋಗಿದೆ.”

“ಒಂದು ಚೆನ್ನಾಗಿದ್ಯಲ್ಲ, ಅರ್ಧ ಆದ್ರೂ ಕೇಳ್ಸಲ್ವಾ?”

“ಒಂದೇ ಇದ್ರೆ ಏನೂ ಕೇಳ್ಸಲ್ಲ ಮೇಡಂ,” ಎಂದು ಅವನು ತಂತಿಯ ತುದಿ ಸುಲಿಯತೊಡಗಿದ.

ಅವನು ಅದನ್ನು ಸುಮ್ಮನೆ ಹೇಳಿದ್ದ. ಅವಳು ಸುಮ್ಮನೆ ಕೇಳಿಸಿಕೊಳ್ಳಲಿಲ್ಲ.

ಕೆಲಸ ಮುಗಿಸಿ ಹೊರಟವನು ಬಾಗಿಲಲ್ಲಿ ತಿರುಗಿ ಹೇಳಿದ: “ನಾನು ಕೆಳಗೆ ಪೆಟ್ಟಿಗೆ ಹತ್ರ ಹೋಗ್ತೀನಿ. ನೀವು ರಿಸೀವರ್ ಎತ್ತಿ ಏನಾದ್ರೂ ಮಾತಾಡ್ತಾ ಇರಿ. ಸ್ವಲ್ಪ ಹೊತ್ತು ಕೇಳಿದ್ರೆ ಲೈನಲ್ಲಿ ಗರಗರ ಇದ್ಯಾ ಅಂತ ಗೊತ್ತಾಗುತ್ತೆ.”

ಅವಳು ರಿಸೀವರ್ ಎತ್ತಿಕೊಂಡು ಕಿಟಕಿಗೆ ಬಂದಳು. ಕೆಳಗೆ ರಸ್ತೆಯ ಬದಿಯ ಕಬ್ಬಿಣದ ಪೆಟ್ಟಿಗೆಯ ಬಾಗಿಲು ತೆರೆದು, ಟೆಸ್ಟ್ ಫೋನನ್ನು ಕಿವಿಗೆ ಒತ್ತಿಕೊಂಡು ಅವನು ನಿಂತಿದ್ದ. ಅಷ್ಟು ದೂರ ಇದ್ದವನ ಉಸಿರು ಇವಳ ಕಿವಿಯಲ್ಲೇ ಕೇಳಿಸಿತು.

“ಮಾತಾಡಿ ಮೇಡಂ.”

“ಏನು ಮಾತಾಡ್ಲಿ?”

“ಏನಾದ್ರೂ. ಎಲ್ಲರೂ ಒಂದು ಎರಡು ಮೂರು ಅಂತ ಎಣಿಸ್ತಾರೆ.”

ಎಣಿಸಲು ಅವಳಿಗೆ ಮನಸ್ಸಾಗಲಿಲ್ಲ. ಕೈಗೆ ಸಿಕ್ಕ ಕಾರ್ಡು ತೆಗೆದು ಓದತೊಡಗಿದಳು. “ಲೈನ್. ಗೆರೆ. ಗೀಟು. ರೇಖೆ. ಉದಾಹರಣೆ: ಲೈನ್ ಹಾಕಿದ ಪುಸ್ತಕ ತಗೊಂಡು ಬಾ. ಎರಡನೇ ಅರ್ಥ: ಸಾಲು, ಸರತಿ. ಉದಾಹರಣೆ: ಲೈನಲ್ಲಿ ಬನ್ನಿ. ಮೂರು: ಬರಹದ ಸಾಲು, ಪಂಕ್ತಿ. ಉದಾಹರಣೆ: ತಲುಪಿದ ಮೇಲೆ ಒಂದು ಲೈನ್ ಬರೆದು ಹಾಕು.”

ಅವಳ ಗಂಟಲು ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು. ಅವನು ನಿಲ್ಲಿಸಿ ಎನ್ನಲಿಲ್ಲ. ಏಳನೆಯ ಅರ್ಥ ಮುಗಿದ ಮೇಲೆ ಅವಳೇ ಕೇಳಿದಳು, “ಗರಗರ ಇದ್ಯಾ?”

“ಇಲ್ಲ. ಆಗಲೇ ಸರಿಯಾಗಿತ್ತು,” ಎಂದ ಅವನು. “ಮುಂದೆ ಕೇಳೋಣ ಅನ್ನಿಸ್ತು.”

ಅಂದು ಅವಳು ಮನೆಗೆ ಹೋಗುವಾಗ ಎರಡು ಸಲ ತಪ್ಪು ತಿರುವಿನಲ್ಲಿ ತಿರುಗಿದಳು.

ಹತ್ತು ದಿನಕ್ಕೆ ಲೈನ್ ಮತ್ತೆ ಕೆಟ್ಟಿತು. ತಂತಿ ಹಳೆಯದು, ಮಳೆ ಬಿದ್ದರೂ ಬಿಸಿಲು ಕಾದರೂ ಅದಕ್ಕೆ ನೆಪ. ಅವನು ಬಂದ. ಈ ಸಲ ಬರಿಗೈಯಲ್ಲಿ ಬರಲಿಲ್ಲ, ಎರಡು ಅರ್ಥ ತಂದಿದ್ದ.

“ರೈಲ್ವೆಯವರು ಲೈನ್ ಕ್ಲಿಯರ್ ಅಂತಾರೆ. ಬರ್ಕೊಂಡಿದೀರಾ?”

“ಇದೆ.”

“ಮಕ್ಕಳು ಮಾತು ಕೇಳದೆ ಇದ್ರೆ, ಲೈನಿಗೆ ತರ್ತೀನಿ ಅಂತಾರೆ.”

ಅದು ಇರಲಿಲ್ಲ. ಅವಳು ಹೊಸ ಕಾರ್ಡು ತೆಗೆದು ಬರೆದಳು: ‘ಹದ್ದುಬಸ್ತು, ಶಿಸ್ತು.’ ಮೂಲ ಯಾರದೆಂದು ತೋರಿಸುವ ಮೂಲೆಯಲ್ಲಿ ಸಣ್ಣದಾಗಿ ‘ಲೈ.ಮ.’ ಎಂದು ಹಾಕಿದಳು. ಅವನು ಬಗ್ಗಿ ನೋಡಿದ.

“ಇದೇನು ಮೇಡಂ ಲೈ.ಮ.?”

“ಲೈನ್‌ಮನ್. ಮಾತು ಯಾರಿಂದ ಸಿಕ್ತು ಅಂತ ಬರೀಬೇಕು. ನಮ್ಮ ಕಚೇರಿ ಪದ್ಧತಿ.”

“ಅಂದ್ರೆ ನಾನು ಪುಸ್ತಕದಲ್ಲಿ ಬರ್ತೀನಾ?”

“ಕಾರ್ಡಲ್ಲಿ ಬರ್ತೀರಿ. ಪುಸ್ತಕದಲ್ಲಿ ಬಿಟ್ಟುಹೋಗ್ತೀರಿ.”

“ನಮ್ಮ ಕೆಲಸಾನೂ ಅಷ್ಟೇ ಬಿಡಿ. ಮಾತು ಅವರಿವರದು, ತಂತಿ ಮಾತ್ರ ನಮ್ಮದು,” ಎಂದು ನಕ್ಕ. ಮುಂದಿನ ಹಲ್ಲೊಂದು ಸ್ವಲ್ಪ ಸೊಟ್ಟಗಿತ್ತು. ಅದನ್ನು ಮುಚ್ಚಿಕೊಳ್ಳಲು ನಗುವಾಗ ತಲೆ ಬಗ್ಗಿಸುತ್ತಿದ್ದ. ಬಗ್ಗಿಸಿ, ಹುಬ್ಬಿನ ಕೆಳಗಿಂದ ಇವಳು ನೋಡಿದಳೋ ಇಲ್ಲವೋ ಎಂದು ಕಳ್ಳನೋಟ ಹಾಯಿಸುತ್ತಿದ್ದ. ಅವಳು ನೋಡಿಯೇ ಇರುತ್ತಿದ್ದಳು.

ಕೆಲಸದ ನಡುವೆ ಅವನ ವಿಷಯವೂ ತುಣುಕು ತುಣುಕಾಗಿ ಬಂತು. ಅಪ್ಪ ಬೇಗ ಹೋದರು. ಇಬ್ಬರು ತಮ್ಮಂದಿರನ್ನು ಓದಿಸಿ, ಮದುವೆ ಮಾಡಿ, ದಡ ಸೇರಿಸುವಷ್ಟರಲ್ಲಿ ಇವನಿಗೆ ನಲವತ್ತು ದಾಟಿತ್ತು. “ನಂದು ಹಾಗೇ ಉಳೀತು,” ಎಂದ, ಯಾವುದೋ ಸಣ್ಣ ರಿಪೇರಿ ಬಾಕಿಯಿದೆ ಎನ್ನುವ ಧಾಟಿಯಲ್ಲಿ. ಎಕ್ಸ್‌ಚೇಂಜಿನ ಹಿಂದಿನ ಒಂದು ಕೋಣೆಯಲ್ಲಿ ವಾಸ.

“ದಿನಾ ಹತ್ತು ಮನೆಗೆ ಹೋಗ್ತೀನಿ ಮೇಡಂ. ಎಲ್ಲ ಮನೇಲೂ ಅಡುಗೆ ವಾಸನೆ, ಟಿವಿ, ಮಕ್ಕಳ ಗಲಾಟೆ. ನನ್ನನ್ನ ಫೋನ್ ಹತ್ರ ನಿಲ್ಸಿ, ಅಲ್ಲಿಂದಾನೇ ಕಳಿಸ್ತಾರೆ. ತಪ್ಪೇನಿಲ್ಲ, ನಾನು ಹೋಗೋದೇ ಅದಕ್ಕೆ.”

ಅವಳು ಕುರ್ಚಿ ಎಳೆದು ಕೊಟ್ಟಳು. ಫ್ಲಾಸ್ಕಿನ ಟೀಯನ್ನು ಎರಡು ಲೋಟಕ್ಕೆ ಬಗ್ಗಿಸಿದಳು. ಎರಡನೆಯ ಲೋಟದಲ್ಲಿ ಧೂಳಿತ್ತು, ತೊಳೆದು ತರಬೇಕಾಯಿತು. ಅವನು ಕುರ್ಚಿಯ ತುದಿಯಲ್ಲಿ ಕೂತು, ಬಿಸಿ ಆರುವ ಮುಂಚೆಯೇ ಕುಡಿದು ಮುಗಿಸಿದ. ಹೊರಡುವ ಮನಸ್ಸಿಲ್ಲದೆ ಖಾಲಿ ಲೋಟ ಹಿಡಿದು ಇನ್ನೂ ಕಾಲು ಗಂಟೆ ಕೂತಿದ್ದ.

ಪ್ರತಿ ಸಲವೂ ಕೊನೆಗೆ ಟೆಸ್ಟಿಂಗ್. ಅವನು ಕೆಳಗೆ, ಅವಳು ಕಿಟಕಿಯಲ್ಲಿ. ಓದುತ್ತಾ ಹೋದರೆ ಅವನು ನಡುನಡುವೆ ಹೂಂಗುಟ್ಟುವನು. ರಸ್ತೆಯಲ್ಲಿ ಗಾಡಿ ಹೋದರೆ, “ಆ ಪದ ಇನ್ನೊಂದ್ಸಲ,” ಎನ್ನುವನು. ‘ಲೈನ್ ಹೊಡಿ’ ಎಂಬ ಕಾರ್ಡು ಬಂದಾಗ ಅವಳು ಅದನ್ನು ಹಾರಿಸಿ ಮುಂದಿನದಕ್ಕೆ ಹೋದಳು.

“ಮೇಡಂ, ಹತ್ತಾದ ಮೇಲೆ ಹನ್ನೆರಡು ಓದಿದ್ರಿ.”

“ಹನ್ನೊಂದು ಇನ್ನೂ ಪೂರ್ತಿ ಆಗಿಲ್ಲ.”

“ಉದಾಹರಣೆ ಸಿಕ್ಕಿಲ್ವಾ?” ಎಂದ ಅವನು, ಬಹಳ ಮುಗ್ಧನ ಹಾಗೆ. ಕಿಟಕಿಯಿಂದ ಅವನ ನೆತ್ತಿ ಮಾತ್ರ ಕಾಣುತ್ತಿತ್ತು. ತಲೆ ಬಗ್ಗಿತ್ತು. ನಗುತ್ತಿದ್ದಾನೆಂದು ಅವಳಿಗೆ ಅದರಿಂದಲೇ ಗೊತ್ತಾಯಿತು.

ಆಮೇಲೆ ಎರಡು ವಾರ ಲೈನ್ ಕೆಡಲೇ ಇಲ್ಲ. ಅವಳು ಬೆಳಿಗ್ಗೆ ಬಂದ ಕೂಡಲೇ ರಿಸೀವರ್ ಎತ್ತಿ ನೋಡುವಳು. ಡಯಲ್ ಟೋನ್ ಗುಂಯ್ ಎನ್ನುತ್ತಿತ್ತು, ಅವಳ ಮುಖ ಬಾಡುತ್ತಿತ್ತು. ಹದಿನೈದನೇ ದಿನ, ಒಂಬತ್ತು ವರ್ಷದಲ್ಲಿ ಒಂದು ಕಾರ್ಡಿನಲ್ಲೂ ಸುಳ್ಳು ಬರೆಯದ ನಿಘಂಟಮ್ಮ, ಕಾಗದ ಕತ್ತರಿಸುವ ಚಾಕುವಿನ ತುದಿಯಿಂದ ಗೋಡೆಯ ಡಬ್ಬಿಯ ಸ್ಕ್ರೂ ಬಿಚ್ಚಿ ತಂತಿ ಎಳೆದುಹಾಕಿದಳು. ಕೆಳಗಿಳಿದು ಟೈಲರ್ ಅಂಗಡಿಯ ಫೋನಿನಿಂದ ದೂರು ಕೊಟ್ಟು ಬಂದಳು. ಟೈಲರಣ್ಣ ಕತ್ತರಿ ನಿಲ್ಲಿಸಿ, “ಏನಮ್ಮಾ, ನಿಮ್ ಫೋನಿಗೆ ಬರೀ ಕಾಯಿಲೆ. ಡಾಕ್ಟರು ಒಳ್ಳೆಯವರು ಅಂತಾನಾ?” ಎಂದ. ಅವಳು ಕೇಳಿಸದವಳಂತೆ ಮೆಟ್ಟಿಲು ಹತ್ತಿದಳು.

ಲೈನ್‌ಮನ್ ಡಬ್ಬಿ ಬಿಚ್ಚಿದ. ನೋಡಿದ. ಸ್ಕ್ರೂವಿನ ತಲೆಯ ಮೇಲಿನ ಹೊಸ ಗೀರನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದ.

“ಇಲಿ ಕಾಟ ಅನ್ಸುತ್ತೆ ಮೇಡಂ.”

“ಇರ್ಬೇಕು.”

“ಬುದ್ಧಿವಂತ ಇಲಿ. ಸ್ಕ್ರೂನ ಯಾವ ಕಡೆ ತಿರುಗಿಸ್ಬೇಕು ಅಂತ ಗೊತ್ತು ಅದಕ್ಕೆ.”

ಅವಳು ಖಾನೆಯೊಳಗೆ ಮುಖ ಹುದುಗಿಸಿ ಕಾರ್ಡು ಹುಡುಕತೊಡಗಿದಳು. ಕಿವಿಯ ತುದಿ ಕಾದಿತ್ತು. ಅವನು ತನ್ನ ದೂರಿನ ಪುಸ್ತಕದಲ್ಲಿ ಏನೋ ಬರೆದುಕೊಂಡು, ಸ್ಕ್ರೂವನ್ನು ಬಿಗಿಯಾಗಿ ಅಲ್ಲ, ಬೆರಳಲ್ಲೇ ಬಿಚ್ಚಬಹುದಾದಷ್ಟು ಸಡಿಲವಾಗಿ ಹಾಕಿ ಹೋದ. ಅದನ್ನು ಅವಳು ಮಾರನೆಯ ದಿನ ಕಂಡುಕೊಂಡಳು. ಆ ಇಡೀ ದಿನ ಅವಳಿಗೆ ಕೆಲಸ ಸಾಗಲಿಲ್ಲ.

ಆದರೆ ಸುಖ ಇಷ್ಟೇ ದಿನ ಎಂದು ಯಾರೋ ಲೆಕ್ಕ ಹಾಕಿಟ್ಟಿದ್ದರೇನೋ. ಮುಂದಿನ ಸಲ ಬಂದಾಗ ಅವನ ಮುಖದಲ್ಲಿ ಏನೋ ಇತ್ತು. ಚೀಲ ಕೆಳಗಿಡಲಿಲ್ಲ. ಹೊಸ ಶರ್ಟು ಹಾಕಿದ್ದ, ಕಾಲರ್ ಕುತ್ತಿಗೆಗೆ ಒತ್ತುತ್ತಿತ್ತು.

“ಮೇಡಂ, ಈ ತಿಂಗಳ ಕೊನೆಗೆ ಎಕ್ಸ್‌ಚೇಂಜ್ ಮುಚ್ತಾರೆ. ಹಳೇ ತಂತಿ ಎಲ್ಲ ಇಳಿಸಿಬಿಡ್ತಾರೆ. ಇನ್ನು ಯಾರಿಗೂ ಈ ಫೋನ್ ಬೇಡವಂತೆ.”

“ಮತ್ತೆ ನೀವು?”

“ನಾನು ಬೇರೆ ಲೈನ್ ನೋಡ್ಕೊಂಡಿದೀನಿ ಮೇಡಂ.” ಅವನು ನಾಚಿದ. ನಿಜವಾಗಿಯೂ ನಾಚಿದ. “ಮೂರು ತಿಂಗಳಿಂದ ಹೋಗಿ ಬಂದು ಮಾಡ್ತಿದ್ದೆ. ಈ ವಯಸ್ಸಲ್ಲಿ ಇದೆಲ್ಲ ಯಾಕಣ್ಣ ಅಂದ ನನ್ನ ತಮ್ಮ. ನನಗೆ ಮನಸ್ಸು ತಡೀಲಿಲ್ಲ. ಮೊನ್ನೆ ಅವರೂ ಒಪ್ಕೊಂಡ್ರು. ಅದಕ್ಕೇ ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು.”

ಬೇರೆ ಲೈನ್. ಅವಳ ಕಣ್ಣ ಮುಂದೆ ತನ್ನದೇ ಕೈಬರಹದ ಕಾರ್ಡು ಬಂದು ನಿಂತಿತು: ಮೆಚ್ಚಿದ ಹುಡುಗ ಅಥವಾ ಹುಡುಗಿ. ಮೂರು ತಿಂಗಳು. ಅಂದರೆ ಇಲ್ಲಿ ಟೀ ಕುಡಿಯುತ್ತಾ ಕೂತಿದ್ದಾಗಲೂ, ಕಿವಿಗೆ ಫೋನ್ ಒತ್ತಿಕೊಂಡು ಇವಳ ಮಾತು ಕೇಳುತ್ತಿದ್ದಾಗಲೂ, ಇನ್ನೊಂದು ಮನೆಗೆ ಹೋಗಿ ಬಂದು ಮಾಡುತ್ತಿದ್ದ. ಹುಡುಗಿಯ ಕಡೆಯವರು ಒಪ್ಪಿದ್ದಾರೆ. ಇನ್ನು ಕೇಳುವ ಮಾತು ಯಾವುದು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಈ ಬೀದಿಯಲ್ಲಿ ಮದುವೆಯಾಗುವವರೆಲ್ಲ ಅದೇ ಮಾತು ಕೇಳಲು ಮೂರು ಮಹಡಿ ಹತ್ತುತ್ತಾರೆ.

“ಕಾಗದದ ಕಾಗುಣಿತ ತಾನೆ?” ಎಂದಳು. ತನ್ನ ದನಿ ತನಗೇ ಪರಕೀಯವಾಗಿ ಕೇಳಿಸಿತು. “ಮೇಷ್ಟ್ರು ಶುಕ್ರವಾರ ಬರ್ತಾರೆ. ಅವರ ಹತ್ರ ತಿದ್ದಿಸ್ಕೊಳ್ಳಿ. ನನಗೆ ಪುರುಸೊತ್ತಿಲ್ಲ. ಒಳ್ಳೇದಾಗ್ಲಿ ನಿಮಗೆ.”

“ಕಾಗುಣಿತ?”

“ಬಾಗಿಲು ಎಳ್ಕೊಂಡು ಹೋಗಿ. ಗಾಳಿಗೆ ಕಾರ್ಡು ಹಾರುತ್ತೆ.”

ಗಾಳಿ ಇರಲಿಲ್ಲ. ಅವನು ಹೊಸ ಕಾಲರಿನೊಳಗೆ ಬೆರಳು ತೂರಿಸಿ ಎಳೆದುಕೊಂಡ. ಏನೋ ಹೇಳಲು ಬಾಯಿ ತೆರೆದವನು, ಅವಳು ತಲೆ ಎತ್ತದೆ ಇದ್ದದ್ದನ್ನು ನೋಡಿ, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದ. ಮೆಟ್ಟಿಲ ಮೇಲೆ ಅವನ ಹೆಜ್ಜೆ ಸದ್ದು ಎರಡು ಕಡೆ ನಿಂತು ಮತ್ತೆ ಇಳಿಯಿತು. ಅವಳು ಎಣಿಸಿದ್ದಳು.

ಆ ಮೇಲಿನ ದಿನಗಳನ್ನು ಅವಳು ಹೇಗೆ ಕಳೆದಳೆಂದು ಹೇಳಿದರೆ ಕೇಳುವವರಿಗೂ ಬೇಸರ. ಹಿಂದೆಯೂ ಒಂಟಿಯಾಗಿದ್ದಳು. ಆದರೆ ಆಗ ಅದು ಅಭ್ಯಾಸವಾಗಿತ್ತು, ಮೈಗೆ ಹೊಂದಿಕೊಂಡಿತ್ತು. ಈಗಿನದು ಹಾಗಲ್ಲ. ಫ್ಲಾಸ್ಕಿನ ಟೀ ಒಂದು ಲೋಟ ಮಿಗುತ್ತಿತ್ತು, ಸಿಂಕಿಗೆ ಚೆಲ್ಲುತ್ತಿದ್ದಳು. ಕಿಟಕಿಯ ಹತ್ತಿರ ಹೋಗದೆ ಮೇಜನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಒಂದು ದಿನ ಫೋನು ನಿಜವಾಗಿಯೇ ಕೆಟ್ಟಿತು. ಅವಳು ದೂರು ಕೊಡಲಿಲ್ಲ.

ಮನೆಯಲ್ಲಿ ಸಂಜೆಯ ಊಟಕ್ಕೆ ಕೂತರೆ ತಟ್ಟೆಯ ಸದ್ದೇ ದೊಡ್ಡದಾಗಿ ಕೇಳಿಸುತ್ತಿತ್ತು. ಬಾಗಿಲಲ್ಲಿದ್ದ ಗಂಡಸರ ಚಪ್ಪಲಿ ನೋಡಿ ಒಂದು ದಿನ ಎಂಥ ಸಿಟ್ಟು ಬಂತೆಂದರೆ, ಎತ್ತಿ ಕಸದ ಬುಟ್ಟಿಗೆ ಹಾಕಿದಳು.

ಭಾನುವಾರ ಅಕ್ಕ ಫೋನ್ ಮಾಡಿದಳು. “ಊಟ ಆಯ್ತಾ? ಯಾಕೆ ದನಿ ಹೀಗಿದೆ, ಶೀತಾನಾ?”

“ಹೂಂ ಅಕ್ಕ.”

“ಬಿಸಿನೀರು ಕುಡಿ. ಸರಿ, ಇಡ್ಲಾ?”

“ಅಕ್ಕ, ಸ್ವಲ್ಪ ಇರು,” ಎಂದಳು. ಅಕ್ಕ ಇದ್ದಳು. ಆಗಿಯೇ ಇಲ್ಲದ್ದು ಮುರಿದುಹೋಯಿತೆಂದು ಯಾರ ಹತ್ತಿರ ಹೇಗೆ ಹೇಳುವುದು? “ಏನಿಲ್ಲ, ಇಡು,” ಎಂದಳು.

ತಿಂಗಳ ಕೊನೆಯ ಶುಕ್ರವಾರ ಮೇಷ್ಟ್ರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು, ಅಚ್ಚಿನ ಕರಡು ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. ಕೆಂಪು ಪೆನ್ನು ಒಂದು ಕಡೆ ನಿಂತಿತು.

“ಲೈನ್‌ಗೆ ಹದಿನಾಲ್ಕು ಅರ್ಥ. ಭೇಷ್ ಕಣಮ್ಮ. ನನಗೆ ಒಂಬತ್ತು ಹೊಳೆದಿದ್ರೆ ಹೆಚ್ಚು. ಆದ್ರೆ ಒಂದು ಬಿಟ್ಟಿದೀಯ ನೋಡು. ಅದೂ ಎಲ್ಲಕ್ಕಿಂತ ಸಲೀಸಾದದ್ದು.”

“ಯಾವುದು ಸರ್?”

“ಕಸುಬು. ನಿಮ್ದು ಯಾವ ಲೈನ್ ಅಂತ ಜನ ಕೇಳಲ್ವಾ? ನನ್ನ ಅಳಿಯ ಇಲ್ವೇ, ಬ್ಯಾಂಕ್ ಕೆಲಸ ಸರಿಹೋಗ್ಲಿಲ್ಲ ಅಂತ ಬೇರೆ ಲೈನ್ ನೋಡ್ಕೊಂಡ.”

ಅವಳ ಕೈಯಲ್ಲಿದ್ದ ಹಾಳೆ ಮೇಜಿಗೆ ಇಳಿಯಿತು. “ಬೇರೆ ಲೈನ್ ನೋಡ್ಕೊಂಡ ಅಂದ್ರೆ?”

“ಬೇರೆ ಕೆಲಸ ನೋಡ್ಕೊಂಡ ಅಂತ. ಇನ್ನೇನಮ್ಮ? ಯಾಕೆ, ಹುಷಾರಿಲ್ವಾ?”

ಹೋಗಿ ಬಂದು ಮಾಡ್ತಿದ್ದೆ. ಒಪ್ಕೊಂಡ್ರು. ಈ ವಯಸ್ಸಲ್ಲಿ ಯಾಕಣ್ಣ. ಒಂದೊಂದು ಮಾತೂ ಮಗ್ಗುಲು ಬದಲಾಯಿಸಿ ಅವಳ ಮುಂದೆ ಬಂದು ಕೂತಿತು. ಊರಿನವರ ಮಾತಿಗೆಲ್ಲ ಅರ್ಥ ಹೇಳುವ ಹೆಂಗಸು, ತನಗೆ ಬೇಕಾದವನು ಆಡಿದ ಒಂದೇ ಒಂದು ಮಾತಿಗೆ ಅರ್ಥ ತಪ್ಪಿದ್ದಳು. ಹದಿನಾಲ್ಕು ಅರ್ಥ ಬರೆದಿಟ್ಟುಕೊಂಡು ತಪ್ಪಿದ್ದಳು. ಅವಳಿಗೆ ಅಳು ಬಂತು, ನಗುವೂ ಬಂತು. ಎರಡಕ್ಕೂ ಆಗ ಸಮಯವಿರಲಿಲ್ಲ.

“ಸರ್, ಸ್ವಲ್ಪ ಹೊರಗೆ ಹೋಗಿ ಬರ್ತೀನಿ.”

ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳು ಕೆಲಸದ ಹೊತ್ತಿನಲ್ಲಿ ಎದ್ದು ಹೋದದ್ದು. ಮೇಷ್ಟ್ರು ಪೆನ್ನು ಹಿಡಿದುಕೊಂಡು ಬಾಗಿಲನ್ನೇ ನೋಡುತ್ತಾ ಕೂತರು.

ಎಕ್ಸ್‌ಚೇಂಜಿನ ಬಾಗಿಲುಗಳೆಲ್ಲ ಹಾರುಹೊಡೆದಿದ್ದವು. ಕಬ್ಬಿಣದ ಚೌಕಟ್ಟುಗಳನ್ನು ಕಳಚಿ ಹೊರಗೆ ಒಟ್ಟಿದ್ದರು. ಒಳಗೆ ದೂರಿನ ಮೇಜಿನ ಹಿಂದೆ ಕನ್ನಡಕದ ಹೆಂಗಸೊಬ್ಬಳು ಡ್ರಾಯರ್ ಖಾಲಿ ಮಾಡುತ್ತಿದ್ದಳು.

“ದೂರಾ? ಇನ್ನು ದೂರು ತಗೊಳ್ಳಲ್ಲ ನಾವು.”

“ದೂರಲ್ಲ. ಲೈನ್‌ಮನ್ ಬೇಕಿತ್ತು. ಟೈಲರ್ ಅಂಗಡಿ ಬೀದಿಗೆ ಬರ್ತಾರಲ್ಲ, ಅವರು.”

ಹೆಂಗಸು ಕನ್ನಡಕದ ಮೇಲಿಂದ ಅವಳನ್ನು ನೋಡಿದಳು. ಮುಖ ಸಡಿಲವಾಯಿತು. “ನೀವೇನಾ ಆ ಪುಸ್ತಕದ ಮೇಡಂ? ಆ ಬೀದಿ ಅವರ ಏರಿಯಾನೇ ಅಲ್ಲ ಕಣ್ರೀ. ಒಂದ್ಸಲ ಯಾರೋ ರಜ ಹಾಕಿದ್ರು ಅಂತ ಹೋಗಿ ಬಂದೋರು, ಮಾರನೇ ದಿನಾನೇ ಬಂದು ನನಗೇ ಹಾಕಿಕೊಡಿ ಅಂತ ಕೇಳಿ ತಗೊಂಡ್ರು. ಯಾಕೆ ಅಂದ್ರೆ, ಅಲ್ಲಿ ಲೈನ್ ತುಂಬಾ ಸೂಕ್ಷ್ಮ ಅಂದ್ರು.”

“ಈಗ ಎಲ್ಲಿದಾರೆ?”

“ನಿಮ್ಮ ಬೀದೀಲೇ. ತಂತಿ ಇಳಿಸ್ತಿದಾರೆ, ಆ ಕೊನೇಲಿ. ಇವತ್ತೇ ಅವರದು ಕೊನೇ ಕೆಲಸ. ಬೇಗ ಹೋಗಿ.”

ಮೇಜನ್ನು ಗೋಡೆಯ ಕಡೆ ತಿರುಗಿಸದೇ ಇದ್ದಿದ್ದರೆ ಬೆಳಿಗ್ಗೆಯೇ ಕಾಣಿಸುತ್ತಿದ್ದ. ಅವಳು ಬಂದ ದಾರಿಯಲ್ಲೇ ವಾಪಸು ನಡೆದಳು. ನಡೆದಳು ಎನ್ನುವುದು ಅವಳ ಮರ್ಯಾದೆಗೆ ಹೇಳುವ ಮಾತು, ನೋಡಿದವರು ಓಡಿದಳು ಎನ್ನುತ್ತಾರೆ.

ಬೀದಿಯ ಕೊನೆಯ ಕಂಬಕ್ಕೆ ಏಣಿ ಒರಗಿಸಿ, ಅದರ ತುದಿಯಲ್ಲಿ ಅವನು ನಿಂತಿದ್ದ. ಕೈಯಲ್ಲಿ ಇಕ್ಕಳ. ಕತ್ತರಿಸಿದ ತಂತಿ ಸುರುಳಿ ಸುರುಳಿಯಾಗಿ ಕೆಳಗೆ ಬಿದ್ದಿತ್ತು. ಕಂಬದಿಂದ ಅವಳ ಕಚೇರಿಯ ಕಡೆಗೆ ಇನ್ನೊಂದೇ ತಂತಿ ಉಳಿದಿತ್ತು.

“ಬೇರೆ ಲೈನ್ ಅಂದ್ರಲ್ಲ,” ಎಂದು ಅವಳು ಕೆಳಗಿನಿಂದ ಕೂಗಿದಳು, “ಯಾವ ಲೈನ್?”

ಅವನು ಬಗ್ಗಿ ನೋಡಿ, ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. “ಮೇಡಂ?”

“ಯಾವ ಲೈನ್ ಅಂತ ಕೇಳ್ದೆ!”

“ಕಿವಿ ಮಷೀನು ಮೇಡಂ! ಕಿವಿ ಸರಿಯಾಗಿ ಕೇಳ್ಸದೆ ಇರೋರು ಹಾಕ್ಕೋತಾರಲ್ಲ, ಅದರ ರಿಪೇರಿ. ಆಸ್ಪತ್ರೆ ಎದುರಿಗಿನ ಅಂಗಡೀಲಿ ಹೋಗಿ ಕಲೀತಿದ್ದೆ.”

“ಒಪ್ಕೊಂಡ್ರು ಅಂದ್ರಲ್ಲ, ಯಾರು?”

“ಅಂಗಡಿ ಯಜಮಾನ್ರು.”

“ಹುಡುಗಿ ಕಡೆಯವರಲ್ವಾ?”

“ಯಾವ ಹುಡುಗಿ?” ಎಂದ ಅವನು. ಆಮೇಲೆ ಅವನಿಗೆ ಅರ್ಥವಾಯಿತು. ಕಾಗುಣಿತ, ಬಾಗಿಲು, ಇಲ್ಲದ ಗಾಳಿ, ಎಲ್ಲವೂ ಒಂದೊಂದಾಗಿ ಅರ್ಥವಾದದ್ದು ಅಷ್ಟೆತ್ತರದಲ್ಲಿದ್ದ ಮುಖದಲ್ಲೂ ಕಾಣಿಸಿತು. “ಅಯ್ಯೋ ಮೇಡಂ,” ಎಂದ.

ಟೈಲರಣ್ಣ ಕೊರಳಲ್ಲಿ ಟೇಪು ಹಾಕಿಕೊಂಡೇ ಅಂಗಡಿಯಿಂದ ಹೊರಗೆ ಬಂದಿದ್ದ. ಎದುರಿನ ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಹೆಂಗಸು ಒಂದೇ ಟವೆಲನ್ನು ಮೂರನೇ ಸಲ ಕೊಡವುತ್ತಿದ್ದಳು. ಬೇರೆ ದಿನವಾಗಿದ್ದರೆ ನಿಘಂಟಮ್ಮ ನಾಚಿಕೆಯಿಂದ ಭೂಮಿಗಿಳಿದು ಹೋಗುತ್ತಿದ್ದಳು.

“ಅವತ್ತು ಒಂದು ಮಾತು ಕೇಳ್ಬೇಕು ಅಂದಿದ್ರಿ,” ಎಂದಳು.

“ಕೆಳಗೆ ಬಂದು ಹೇಳ್ತೀನಿ.”

“ಬೇಡ. ಅಲ್ಲಿಂದಾನೇ ಹೇಳಿ. ನೀವು ಇಳಿಯೋಷ್ಟರಲ್ಲಿ ನಾನು ಮತ್ತೇನಾದ್ರೂ ತಪ್ಪು ತಿಳ್ಕೋತೀನಿ.”

ಅವನು ಇಕ್ಕಳವನ್ನು ಸೊಂಟಕ್ಕೆ ಸಿಕ್ಕಿಸಿದ. ಮತ್ತೆ ತೆಗೆದ. ಉಳಿದಿದ್ದ ಆ ತಂತಿಯನ್ನು ನೋಡಿದ.

“ಈ ತಂತಿ ಇಳಿಸಿಬಿಟ್ರೆ, ನಿಮ್ಮಲ್ಲಿಗೆ ಬರೋಕೆ ನನಗೆ ಕಾರಣ ಇರಲ್ಲ,” ಎಂದ. ದನಿ ಸಣ್ಣದಾಗಿತ್ತು, ಆದರೂ ಬೀದಿಗೆಲ್ಲ ಕೇಳಿಸಿತು. “ಕಾರಣ ಇಲ್ದೆ ಬರ್ಬಹುದಾ ಅಂತ ಕೇಳ್ಬೇಕಿತ್ತು. ಅಷ್ಟೇ ಮೇಡಂ. ಅಷ್ಟೇ ಇದ್ದದ್ದು.”

ದಿನಾ ಸಂಜೆ ಒಬ್ಬಳೇ ಊಟಕ್ಕೆ ಕೂತು ಸಾಕಾಗಿದೆ ಎಂದು ಅವಳಿಗೆ ಹೇಳಬೇಕೆನಿಸಿತು. ನಿನ್ನ ಉಸಿರು ಕಿವಿಯಲ್ಲಿ ಕೇಳಿದ ದಿನದಿಂದ ನನಗೆ ಬೇರೆ ಸದ್ದೇ ಕೇಳಿಸುತ್ತಿಲ್ಲ ಎನ್ನಬೇಕೆನಿಸಿತು. ಮನಸ್ಸಿನೊಳಗೆ ತಾನು ಅವನನ್ನು ಏಕವಚನದಲ್ಲಿ ಕರೆದದ್ದು ಆಗ ಅವಳ ಗಮನಕ್ಕೆ ಬಂತು. ಅಮ್ಮ ಹೋದ ಮೇಲೆ ಈ ಊರಿನಲ್ಲಿ ಅವಳು ನೀನು ಎಂದು ಕರೆಯಬಹುದಾದವರು ಒಬ್ಬರೂ ಉಳಿದಿರಲಿಲ್ಲ. ಎಲ್ಲರಿಗೂ ಬನ್ನಿ, ಕೂತ್ಕೊಳ್ಳಿ, ಹೋಗಿ ಬನ್ನಿ. ಭಾನುವಾರ ಅಕ್ಕನ ಹತ್ತಿರ ಆಡುವ ಎರಡು ಮಾತು ಹೊರತು, ಮೂರು ವರ್ಷದಿಂದ ಅವಳ ಬಾಯಿಗೆ ಬಹುವಚನ ಬಿಟ್ಟು ಬೇರೆ ಕೆಲಸವೇ ಇರಲಿಲ್ಲ.

“ಇಳಿದು ಬಾ,” ಎಂದಳು.

ಬಾಲ್ಕನಿಯ ಹೆಂಗಸಿನ ಕೈಯಲ್ಲಿ ಟವೆಲು ಹಾಗೇ ನಿಂತಿತು. ಟೈಲರಣ್ಣ ಗಂಟಲು ಸರಿಮಾಡಿಕೊಂಡು, ಸಭ್ಯನಾಗಿ ಇನ್ನೊಂದು ಕಡೆ ಮುಖ ತಿರುಗಿಸಿದ.

“ಏನಂದ್ರಿ?” ಎಂದ ಅವನು ಮೇಲಿನಿಂದ. ಕೇಳಿಸಿತ್ತು. ಇನ್ನೊಂದು ಸಲ ಕೇಳಬೇಕಿತ್ತು ಅವನಿಗೆ.

“ಬಾ ಅಂದೆ.”

ಅವನು ಒಂದು ಮೆಟ್ಟಿಲು ಇಳಿದ. ಏಣಿ ಸ್ವಲ್ಪ ಅಲ್ಲಾಡಿತು. ನಿಂತು, ತಲೆ ಬಗ್ಗಿಸದೆ, ಸೊಟ್ಟ ಹಲ್ಲು ಬೀದಿಗೆಲ್ಲ ಕಾಣುವಂತೆ ನಕ್ಕ.

“ಬರ್ತೀನಿ,” ಎಂದ. “ನೀನು ಸ್ವಲ್ಪ ಏಣಿ ಹಿಡ್ಕೋ.”

ಅವಳು ಹತ್ತಿರ ಹೋಗಿ ಎರಡೂ ಕೈಯಲ್ಲಿ ಹಿಡಿದುಕೊಂಡಳು.